ಒಂದು ವಾರ ಕಾಲೇಜು, ಒಂದು ವಾರ ಕಾರ್ಖಾನೆ

ನಮ್ಮ ಆಫೀಸಿಗೆ ಪ್ರತಿ ವರ್ಷ ಎಂಟನೇ ಸೆಮಿಸ್ಟರಿನ ಹುಡುಗರು ಇಂಟರ್ನ್‌ಶಿಪ್ಪಿಗೆ ಬರ್ತಾರೆ. ಬರುವಾಗ ಕೈಯಲ್ಲೊಂದು ಫಾರಂ. ಅದರ ಕೊನೆಯಲ್ಲಿ ಮೂರು ಸಹಿಗೆ ಜಾಗ: ವಿದ್ಯಾರ್ಥಿಯದ್ದು, ಕಂಪನಿಯ ಗೈಡಿನದ್ದು, ಕಾಲೇಜಿನ ಸಂಯೋಜಕರದ್ದು. ನಾಲ್ಕು ವರ್ಷದಿಂದ ಕಂಪನಿಯ ಗೈಡ್ ನಾನೇ. ಈ ನಾಲ್ಕು ವರ್ಷದಲ್ಲಿ ಆ ಮೂರನೇ ಸಹಿಯವರನ್ನು ಒಬ್ಬರನ್ನೂ ನಾನು ಕಂಡಿಲ್ಲ. ಫೋನೂ ಬಂದಿಲ್ಲ. ಸಹಿ ಮಾತ್ರ ತಪ್ಪದೆ ಬಿದ್ದಿರುತ್ತೆ.

ನನಗೆ ಇದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ನಾನು ಬಿಇ ಮಾಡಿದ್ದೂ ಹಾಗೇ. ಕೊನೇ ವರ್ಷ ಒಂದು ಕಂಪನಿಯಲ್ಲಿ ಪ್ರಾಜೆಕ್ಟ್ ಅಂತ ಹೇಳಿ ಮೂರು ತಿಂಗಳು ಬಸ್ಸಿನಲ್ಲಿ ಓಡಾಡಿದೆ. ಅಲ್ಲಿ ಯಾರಿಗೂ ನಾವು ಯಾಕೆ ಬಂದಿದ್ದೀವಿ ಅಂತ ಗೊತ್ತಿರಲಿಲ್ಲ. ಕಾಲೇಜಿನಲ್ಲಿ ಯಾರಿಗೂ ನಾವು ಎಲ್ಲಿಗೆ ಹೋಗ್ತಿದ್ದೀವಿ ಅಂತ ಗೊತ್ತಿರಲಿಲ್ಲ. ಕೊನೆಗೆ ಜೆರಾಕ್ಸ್ ಅಂಗಡಿಯವನು ಕಪ್ಪು ರಟ್ಟಿಗೆ ಚಿನ್ನದ ಬಣ್ಣದ ಅಕ್ಷರ ಹಾಕಿ ಬೈಂಡ್ ಮಾಡಿಕೊಟ್ಟ ಪುಸ್ತಕವೇ ನನ್ನ ಕೆಲಸದ ಅನುಭವಕ್ಕೆ ಸಾಕ್ಷಿಯಾಯ್ತು.

ಈ ಮೂರನೇ ಸಹಿ ಎಲ್ಲಿಂದ ಬಂತು ಅಂತ ಹುಡುಕೋಕೆ ಶುರು ಮಾಡಿದ್ದು ಸುಮ್ಮನೆ ಕುತೂಹಲಕ್ಕೆ. ಅದು ನನ್ನನ್ನ ಕರಕೊಂಡು ಹೋಗಿ ನಿಲ್ಲಿಸಿದ್ದು 1906ರ ಅಮೆರಿಕದ ಸಿನ್ಸಿನಾಟಿಗೆ, ಲೇತು ಮಿಲ್ಲಿಂಗ್ ಮಷೀನುಗಳ ಊರಿಗೆ.

ಹರ್ಮನ್ ಷ್ನೈಡರ್ ಹುಟ್ಟಿದ್ದು 1872ರಲ್ಲಿ, ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಸೀಮೆಯ ಸಮ್ಮಿಟ್ ಹಿಲ್ ಅನ್ನೋ ಊರಲ್ಲಿ. ದುಡ್ಡಿದ್ದ ಮನೆಯಲ್ಲ. ಲೀಹೈ ವಿಶ್ವವಿದ್ಯಾಲಯದಲ್ಲಿ ಸಿವಿಲ್ ಎಂಜಿನಿಯರಿಂಗ್ ಓದುವಾಗ ಹೊಟ್ಟೆಪಾಡಿಗೆ ಒಬ್ಬ ವಾಸ್ತುಶಿಲ್ಪಿಯ ಹತ್ತಿರ ಕೆಲಸ ಮಾಡಿದ. 1894ರಲ್ಲಿ ಪದವಿ. ಆಮೇಲೆ ಪಶ್ಚಿಮದ ಕಡೆ ರೈಲ್ವೆಗೆ ಸೇತುವೆ ಕಟ್ಟೋ ಕೆಲಸ ಮಾಡಿ, ಓದಿದ ಲೀಹೈಗೇ ಮೇಷ್ಟ್ರಾಗಿ ವಾಪಸ್ ಬಂದ.

ಮೇಷ್ಟ್ರಾದ ಮೇಲೆ ಅವನ ತಲೆ ಕೆಡಿಸಿದ್ದು ಒಂದೇ ಪ್ರಶ್ನೆ. ಪಾಸಾಗಿ ಹೋದ ಹುಡುಗರಲ್ಲಿ ಒಳ್ಳೇ ಎಂಜಿನಿಯರ್ ಅನ್ನಿಸಿಕೊಂಡವರು ಯಾರು? ವಿಚಾರಿಸುತ್ತಾ ಹೋದಂತೆ ಅವನಿಗೆ ಕಂಡದ್ದು, ಅವರಲ್ಲಿ ಬಹಳಷ್ಟು ಜನ ಓದುವಾಗಲೋ ರಜೆಯಲ್ಲೋ ಎಲ್ಲೋ ದುಡಿದವರು. ದುಡ್ಡಿಲ್ಲ ಅಂತ ದುಡಿದದ್ದು, ವಿದ್ಯೆ ಅಂತಲ್ಲ. ಬಡತನ ಕಲಿಸಿದ್ದನ್ನ ಕಾಲೇಜು ಯಾಕೆ ಬೇಕಂತಲೇ ಕಲಿಸಬಾರದು ಅನ್ನೋದು ಅವನ ಯೋಚನೆ. ಒಂದು ಸಂಜೆ ಕ್ಯಾಂಪಸ್ಸಿನಲ್ಲಿ ನಡೀತಿದ್ದಾಗ ಪಕ್ಕದ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯ ಬೆಸೆಮರ್ ಕುಲುಮೆ ಭಗ್ ಅಂತ ಉರಿದು ಆಕಾಶವೆಲ್ಲ ಕೆಂಪಾಯ್ತು, ಆಗಲೇ ಪ್ರಯೋಗಶಾಲೆ ಬೇಲಿಯಾಚೆಗೇ ಇದೆಯಲ್ಲ ಅಂತ ಹೊಳೀತು ಅಂತ ಅಮೆರಿಕನ್ನರು ಕತೆ ಹೇಳ್ತಾರೆ. ನ್ಯೂಟನ್ನನ ಸೇಬಿನ ಥರದ ಕತೆ ಇದು. ಆದರೂ ವಿಷಯ ಸರಿ. ಅಷ್ಟು ದೊಡ್ಡ ಕಾರ್ಖಾನೆ ಪಕ್ಕದಲ್ಲಿ ಇಟ್ಟುಕೊಂಡು ಕಾಲೇಜಿನವರು ಒಳಗೆ ಪುಟಾಣಿ ಕಾರ್ಖಾನೆ ಕಟ್ಟಿ ಆಟ ಆಡೋದ್ಯಾಕೆ? ಅಲ್ಲಿರೋ ಮಷೀನು ಹಳೇದಾದರೆ ಹೊಸದು ತರೋಕೆ ಕಾಲೇಜಿನ ಹತ್ತಿರ ದುಡ್ಡಿರಲ್ಲ. ನಮ್ಮ ಕಾಲೇಜುಗಳ ವರ್ಕ್‌ಶಾಪಿನಲ್ಲಿ ಫೈಲಿಂಗ್ ಮಾಡಿ ಕೈ ಬೊಬ್ಬೆ ಬರಿಸಿಕೊಂಡವರಿಗೆ ಇದನ್ನ ವಿವರಿಸಬೇಕಾಗಿಲ್ಲ.

ಲೀಹೈಯಲ್ಲಿ ಅವನ ಮಾತು ನಡೀಲಿಲ್ಲ. 1903ರಲ್ಲಿ ಸಿನ್ಸಿನಾಟಿ ವಿಶ್ವವಿದ್ಯಾಲಯಕ್ಕೆ ಬಂದ. ಸಿನ್ಸಿನಾಟಿಯಲ್ಲಿ ಮಷೀನು ಮಾಡೋ ಮಷೀನುಗಳ ಕಾರ್ಖಾನೆಗಳು ಸಾಲಾಗಿದ್ದವು, ಅವಕ್ಕೆ ಓದಿದ ಹುಡುಗರು ಬೇಕಿತ್ತು. ಸಿನ್ಸಿನಾಟಿ ಮಿಲ್ಲಿಂಗ್ ಮಷೀನ್ ಕಂಪನಿಯ ಫ್ರೆಡರಿಕ್ ಗೈಯರ್ ಥರದ ಮಾಲೀಕರು ಇವನ ಮಾತಿಗೆ ಕಿವಿಗೊಟ್ಟರು. ವಿಶ್ವವಿದ್ಯಾಲಯದ ಆಡಳಿತ ಮಂಡಳಿಗೆ ಮಾತ್ರ ಧೈರ್ಯ ಇರಲಿಲ್ಲ. ಒಂದು ವರ್ಷ ಮಾಡಿ ನೋಡಲಿ, ಕೆಟ್ಟರೆ ಹೊಣೆ ನಮ್ಮದಲ್ಲ ಅನ್ನೋ ಅರ್ಥದ ನಿರ್ಣಯ ಬರೆದು ಒಪ್ಪಿಗೆ ಕೊಟ್ಟರಂತೆ. ನಮ್ಮ ಕಡೆಯ ಮೀಟಿಂಗುಗಳ ಮಿನಿಟ್ಸ್ ಓದಿದವರಿಗೆ ಈ ಶೈಲಿ ಚೆನ್ನಾಗೇ ಪರಿಚಯ ಇರುತ್ತೆ.

1906ರ ಸೆಪ್ಟೆಂಬರಿನಲ್ಲಿ 27 ಹುಡುಗರಿಂದ ಶುರುವಾಯ್ತು. ಆರು ವರ್ಷದ ಕೋರ್ಸು. ಹುಡುಗರನ್ನ ಇಬ್ಬಿಬ್ಬರ ಜೋಡಿ ಮಾಡಿದರು. ಈ ವಾರ ಒಬ್ಬ ಕ್ಲಾಸಿನಲ್ಲಿ, ಅವನ ಜೋಡಿ ಕಾರ್ಖಾನೆಯಲ್ಲಿ. ಮುಂದಿನ ವಾರ ಅದಲುಬದಲು. ಕಾರ್ಖಾನೆಯ ಲೆಕ್ಕದಲ್ಲಿ ಒಂದು ಜೋಡಿ ಅಂದರೆ ಒಬ್ಬ ಆಳು, ಮಷೀನು ಒಂದು ದಿನವೂ ಖಾಲಿ ನಿಲ್ಲಲ್ಲ. ಗಂಟೆ ಲೆಕ್ಕದಲ್ಲಿ ಕೂಲಿಯೂ ಸಿಗುತ್ತಿತ್ತು. ಇದಕ್ಕೆ ಕೋಆಪರೇಟಿವ್ ಶಿಕ್ಷಣ ಅಂತ ಹೆಸರಾಯ್ತು, ಬಾಯಲ್ಲಿ ಕೋ-ಆಪ್. (ಇಂಗ್ಲೆಂಡಿನ ಸಂಡರ್ಲೆಂಡ್ ಟೆಕ್ನಿಕಲ್ ಕಾಲೇಜು 1903ರಲ್ಲೇ ಇದರ ಸೋದರಸಂಬಂಧಿಯೊಂದನ್ನ ಶುರು ಮಾಡಿತ್ತು. ಒಂದಷ್ಟು ತಿಂಗಳು ಓದು, ಒಂದಷ್ಟು ತಿಂಗಳು ಕೆಲಸ. ನಮ್ಮ ಕೆಲವು ಪಾಲಿಟೆಕ್ನಿಕ್‌ಗಳಲ್ಲಿ ಸ್ಯಾಂಡ್‌ವಿಚ್ ಡಿಪ್ಲೊಮಾ ಅಂತ ಇತ್ತಲ್ಲ, ಅದು ಆ ವಂಶದ್ದು.)

ಇಷ್ಟು ಎಲ್ಲ ಕಡೆ ಬರೆದಿರುತ್ತೆ. ನನ್ನನ್ನ ಹಿಡಿದು ನಿಲ್ಲಿಸಿದ್ದು ಇದರ ಮುಂದಿನದು.

ಹುಡುಗನನ್ನ ಕಾರ್ಖಾನೆಗೆ ಕಳಿಸಿದ ಮಾತ್ರಕ್ಕೆ ಕಲೀತಾನೆ ಅನ್ನೋ ಭ್ರಮೆ ಷ್ನೈಡರನಿಗೆ ಇರಲಿಲ್ಲ. ಫೋರ್‌ಮನ್ ಕಣ್ಣಿಗೆ ಅವನೊಂದು ಜೊತೆ ಕೈ. ಡ್ರಿಲ್ಲಿಂಗ್ ಚೆನ್ನಾಗಿ ಮಾಡ್ತಾನೆ ಅಂದರೆ ಆರು ವರ್ಷವೂ ಡ್ರಿಲ್ಲಿಂಗೇ. ಅದು ಫೋರ್‌ಮನ್ ತಪ್ಪಲ್ಲ, ಅವನಿಗೆ ಸಂಜೆ ಹೊತ್ತಿಗೆ ಇಷ್ಟು ಪೀಸ್ ಆಗಬೇಕು. ಇತ್ತ ಕ್ಲಾಸಿನ ಮೇಷ್ಟ್ರಿಗೆ ಹುಡುಗ ಕಳೆದ ವಾರ ಏನು ನೋಡಿ ಬಂದ ಅಂತಲೇ ಗೊತ್ತಿಲ್ಲ. ಎರಡು ಸಿಸ್ಟಮ್ ಇದೆ, ನಡುವೆ ಇಂಟರ್‌ಫೇಸ್ ಇಲ್ಲ. ಆ ಜಾಗಕ್ಕೆ ಷ್ನೈಡರ್ ಒಬ್ಬ ಮನುಷ್ಯನನ್ನ ತಂದು ಕೂರಿಸಿದ. ಕೋಆರ್ಡಿನೇಟರ್ ಅಂತ ಹೆಸರಿಟ್ಟ. ಸಂಯೋಜಕ.

ಈ ಸಂಯೋಜಕ ಗುಮಾಸ್ತನಲ್ಲ. ಪದವಿ ಪಡೆದ, ಕಾರ್ಖಾನೆಯ ಅನುಭವವೂ ಇದ್ದ ಮೇಷ್ಟ್ರು. ಬೆಳಿಗ್ಗೆ ಪೂರ್ತಿ ಕಾಲೇಜಿನಲ್ಲಿ, ಮಧ್ಯಾಹ್ನದ ಮೇಲೆ ಕಾರ್ಖಾನೆಗಳಲ್ಲಿ. ಅದೇ ಅವನ ಕೆಲಸ. ಮಧ್ಯಾಹ್ನ ಒಂದು ಕಾರ್ಖಾನೆಗೆ ಹೋಗಿ ಹುಡುಗರು ಏನು ಮಾಡ್ತಿದ್ದಾರೆ, ಯಾವ ಭಾಗ, ಅದು ಯಾವ ಯಂತ್ರದ ಯಾವ ಮೂಲೆಗೆ ಹೋಗುತ್ತೆ, ಮಷೀನಿನ ವೇಗ ಎಷ್ಟು, ಯಾಕಷ್ಟು, ಎಲ್ಲ ನೋಡಿ ಬರೆದುಕೊಳ್ಳೋನು. ಮುಂದಿನ ವಾರ ಅದೇ ಹುಡುಗರು ಕ್ಲಾಸಿಗೆ ಬಂದಾಗ ಅವರನ್ನ ಒಟ್ಟು ಕೂರಿಸಿ ಪಾಠ. ನೀನು ಕೊರೆದ ತೂತು ಅಲ್ಲೇ ಯಾಕಿದೆ? ಇಂಥದ್ದೇ ಲೋಹ ಯಾಕೆ? ಅದರ ಹಿಂದಿನ ಗಣಿತ ಏನು? ಹುಡುಗನಿಗೆ ಉತ್ತರ ಗೊತ್ತಿಲ್ಲದಿದ್ದರೆ ಮುಂದಿನ ವಾರ ಹೋಗಿ ಕೇಳಿಕೊಂಡು ಬರಬೇಕು.

ಇನ್ನೊಂದು ಕೆಲಸ ಇದಕ್ಕಿಂತ ಕಷ್ಟದ್ದು, ಫೋರ್‌ಮನ್ ಜೊತೆ ಚೌಕಾಸಿ. ಒಂದೇ ಮಷೀನಿನ ಮುಂದೆ ಹುಡುಗ ಬಹಳ ದಿನ ನಿಂತುಬಿಟ್ಟಿದ್ದಾನೆ ಅಂದರೆ ಮಾತಾಡಿ ಅವನನ್ನ ಮುಂದಿನ ಕೆಲಸಕ್ಕೆ ದಾಟಿಸಬೇಕು. ಹುಡುಗ ಸೋಮಾರಿ ಅಂತ ದೂರು ಬಂದರೆ ಕೇಳಬೇಕು, ಕಾರ್ಖಾನೆ ಹಿಂಡುತ್ತಿದೆ ಅಂದರೂ ಕೇಳಬೇಕು. ಇಬ್ಬರ ಕೈಲೂ ಬೈಸಿಕೊಳ್ಳೋ ಕುರ್ಚಿ ಅದು. ಯಾವ ಹುಡುಗ ಯಾವ ಕೆಲಸಕ್ಕೆ ಸರಿ ಅನ್ನೋದನ್ನೂ ನಿರ್ಧರಿಸಬೇಕಿತ್ತು. ಷ್ನೈಡರ್ ಇದಕ್ಕೊಂದು ಶಾಸ್ತ್ರ ಹುಡುಕೋಕೆ ಹೊರಟು, ಆ ಕಾಲದಲ್ಲಿ ಚಾಲ್ತಿಯಲ್ಲಿದ್ದ, ಮುಖಲಕ್ಷಣ ನೋಡಿ ಸ್ವಭಾವ ಹೇಳೋ ವಿದ್ಯೆಯನ್ನೂ ಪರೀಕ್ಷೆ ಮಾಡಿದ. ಅದು ನಂಬೋ ಹಾಗಿಲ್ಲ ಅಂತ ಕಂಡ ಮೇಲೆ ಬಿಟ್ಟ. ಕೆಲಸಕ್ಕೆ ಹಾಕಿ, ಹೋಗಿ ನೋಡೋದೊಂದೇ ದಾರಿಯಾಗಿ ಉಳೀತು.

ಎರಡೇ ವರ್ಷದಲ್ಲಿ ಇದು ಹೈಸ್ಕೂಲಿಗೆ ಇಳೀತು. 1908ರಲ್ಲಿ ಮ್ಯಾಸಚೂಸೆಟ್ಸ್‌ನ ಫಿಚ್‌ಬರ್ಗ್ ಅನ್ನೋ ಪಟ್ಟಣದ ಕಾರ್ಖಾನೆ ಮಾಲೀಕರು ತಮ್ಮೂರಿನ ಹೈಸ್ಕೂಲಿನ ಜೊತೆ ಸೇರಿ ಇದನ್ನೇ ಮಾಡಿದರು. ನನಗೆ ಸಿನ್ಸಿನಾಟಿಗಿಂತ ಫಿಚ್‌ಬರ್ಗೇ ಹೆಚ್ಚು ಇಷ್ಟ, ಯಾಕಂದರೆ ಇಲ್ಲಿಯವರು ಎಂಜಿನಿಯರ್ ಆಗೋ ಹುಡುಗರಲ್ಲ. ಹೈಸ್ಕೂಲು ಬಿಟ್ಟು ಸೀದಾ ಕೂಲಿಗೆ ಹೋಗಬೇಕಾಗಿದ್ದ ಕೆಲಸಗಾರರ ಮನೆಯ ಮಕ್ಕಳು. ಮೊದಲ ವರ್ಷ ಪೂರ್ತಿ ಶಾಲೆ. ಆಮೇಲಿನ ಮೂರು ವರ್ಷ ವಾರ ಬಿಟ್ಟು ವಾರ ಕಾರ್ಖಾನೆ. ಕೂಲಿ ಮೊದಲ ವರ್ಷ ಗಂಟೆಗೆ 10 ಸೆಂಟ್, ಎರಡನೇ ವರ್ಷ 11, ಮೂರನೇ ವರ್ಷ ಹನ್ನೆರಡೂವರೆ. ಕಾಗದದ ಮೇಲೆ ಕರಾರು ಇತ್ತು. ಕಾರ್ಖಾನೆಯವರು ಆ ಕಸುಬಿನ ಇಂತಿಂಥ ಕೆಲಸಗಳನ್ನೆಲ್ಲ ಹುಡುಗನಿಗೆ ಕಲಿಸಬೇಕು ಅಂತ ಅದರಲ್ಲಿ ಬರೆದಿರುತ್ತಿತ್ತು.

ಫಿಚ್‌ಬರ್ಗಿನ ಒಂದು ವಿವರ ನನಗೆ ಮರೆಯೋಕಾಗ್ತಿಲ್ಲ. ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ಆ ವಾರ ಶಾಲೆಯಲ್ಲಿದ್ದ ಹುಡುಗ ಕಾರ್ಖಾನೆಗೆ ಹೋಗಿ ತನ್ನ ಜೋಡಿಯ ಪಕ್ಕ ನಿಲ್ಲಬೇಕು. ಯಾವ ಕೆಲಸ ಅರ್ಧಕ್ಕೆ ನಿಂತಿದೆ, ಸೋಮವಾರ ಎಲ್ಲಿಂದ ಶುರು ಮಾಡಬೇಕು ಅಂತ ನೋಡಿಕೊಳ್ಳಬೇಕು. ನಾವು ಸಾಫ್ಟ್‌ವೇರಿನವರು ಹ್ಯಾಂಡೋವರ್ ಅಂತ ಒಂದು ಗಂಟೆ ಮೀಟಿಂಗ್ ಇಟ್ಟು, ಅರ್ಧ ಜನ ಕ್ಯಾಮೆರಾ ಆಫ್ ಮಾಡಿ ಕೂರ್ತೀವಲ್ಲ, ಅದನ್ನ ಹದಿನೈದು ಹದಿನಾರು ವರ್ಷದ ಹುಡುಗರು ಮಷೀನಿನ ಪಕ್ಕದಲ್ಲೇ ನಿಂತು ಮುಗಿಸ್ತಿದ್ದರು.

ಎಲ್ಲ ಚೆನ್ನಾಗಿತ್ತು ಅಂತಲ್ಲ. ಅಗ್ಗದ ಹುಡುಗರನ್ನ ತುಂಬಿಕೊಂಡು ನಮ್ಮ ಕೂಲಿ ಇಳಿಸ್ತಾರೆ ಅಂತ ಕಾರ್ಮಿಕ ಸಂಘಟನೆಗಳಿಗೆ ಅನುಮಾನ ಇತ್ತು, ಆ ಅನುಮಾನ ಪೂರ್ತಿ ಸುಳ್ಳೂ ಅಲ್ಲ. ಕಾರ್ಖಾನೆ ಯಾರನ್ನ ಒಳಗೆ ಬಿಡಲ್ಲವೋ ಅವರಿಗೆ ಈ ಶಿಕ್ಷಣವೂ ಇಲ್ಲ ಅನ್ನೋದು ಇದರ ಹುಟ್ಟುದೋಷ. ಮೊದಲ ತಂಡಗಳಲ್ಲಿ ಹುಡುಗಿಯರ ಮಾತೇ ಇಲ್ಲ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕಾರ್ಖಾನೆಗಳು ಬಾಗಿಲು ಹಾಕಿದಾಗ ಪಾಠದ ಅರ್ಧ ಭಾಗಕ್ಕೂ ಬಾಗಿಲು ಬಿತ್ತು.

ಆದರೆ ಸಂಯೋಜಕನ ಕುರ್ಚಿಯನ್ನ ಅಮೆರಿಕನ್ನರು ಬಿಡಲಿಲ್ಲ. ವೃತ್ತಿಶಿಕ್ಷಣಕ್ಕೆ ಕೇಂದ್ರ ಸರ್ಕಾರದ ದುಡ್ಡು 1917ರ ಸ್ಮಿತ್-ಹ್ಯೂಸ್ ಕಾಯ್ದೆಯಿಂದ ಹರಿಯೋಕೆ ಶುರುವಾಗಿತ್ತು. 1936ರ ಜಾರ್ಜ್-ಡೀನ್ ಕಾಯ್ದೆ ಅಂಗಡಿ, ಮಾರಾಟದ ಕೆಲಸ ಕಲಿಯೋರಿಗೂ ಅದನ್ನ ಹರಿಸಿತು. ದಕ್ಷಿಣದ ರಾಜ್ಯಗಳ ಸಣ್ಣ ಊರುಗಳಲ್ಲಿ ಇನ್ನೊಂದು ಪ್ರಯೋಗ ನಡೀತು. ಒಂದೊಂದು ಕಸುಬಿಗೆ ಒಂದೊಂದು ಕ್ಲಾಸ್ ತೆಗೆಯೋಷ್ಟು ಮಕ್ಕಳಿಲ್ಲ. ಒಬ್ಬ ಗ್ಯಾರೇಜಿನಲ್ಲಿ, ಒಬ್ಬ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ, ಒಬ್ಬಳು ಅಂಗಡಿಯಲ್ಲಿ. ಎಲ್ಲರಿಗೂ ಸೇರಿ ಒಬ್ಬ ಸಂಯೋಜಕ, ಊರೆಲ್ಲ ಸುತ್ತೋನು. 1968ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದಾಗ ಕೋ-ಆಪ್‌ಗೆ ಅಂತಲೇ ಪ್ರತ್ಯೇಕ ಹಣ ಇಟ್ಟರು. ಷ್ನೈಡರ್ ಅಷ್ಟು ಹೊತ್ತಿಗೆ ಇರಲಿಲ್ಲ, ಅವನು ತೀರಿಕೊಂಡಿದ್ದು 1939ರಲ್ಲಿ.

ನಮ್ಮಲ್ಲಿ? ನಮ್ಮದು ಕಾನೂನಿನ ದಾರಿ. 1961ರ ಅಪ್ರೆಂಟಿಸ್ ಕಾಯ್ದೆ 1962ರ ಮಾರ್ಚ್ 1ರಿಂದ ಜಾರಿಗೆ ಬಂತು. ಕಾರ್ಖಾನೆಗಳು ಇಂತಿಷ್ಟು ಜನರನ್ನ ತೆಗೆದುಕೊಳ್ಳಲೇಬೇಕು, ಕರಾರು ಮಾಡಿಕೊಳ್ಳಬೇಕು, ಸ್ಟೈಪೆಂಡ್ ಕೊಡಬೇಕು. 1973ರ ತಿದ್ದುಪಡಿಯಲ್ಲಿ ಬಿಇ, ಡಿಪ್ಲೊಮಾದವರೂ ಇದರೊಳಗೆ ಬಂದರು. ಬೆಂಗಳೂರಿನ ಎಚ್‌ಎಂಟಿ, ಎಚ್‌ಎಎಲ್, ಬಿಇಎಲ್‌ಗಳಲ್ಲಿ ಅಪ್ರೆಂಟಿಸ್ ಆಗಿ ಕಲಿತು ಬದುಕು ಕಟ್ಟಿಕೊಂಡವರು ನಮ್ಮ ಸುತ್ತಮುತ್ತಲೇ ಇದ್ದಾರೆ, ಅದನ್ನ ಸಣ್ಣದು ಅನ್ನಲಾರೆ. ಆದರೆ ಈ ಕಾಯ್ದೆಯಲ್ಲಿ ಇರೋನು ಅಪ್ರೆಂಟಿಸ್‌ಶಿಪ್ ಅಡ್ವೈಸರ್, ಸರ್ಕಾರದ ಅಧಿಕಾರಿ. ಅವನು ರಿಜಿಸ್ಟರು ಕೇಳಬಲ್ಲ, ಲೆಕ್ಕ ಕೇಳಬಲ್ಲ. ಹುಡುಗನ ಪಕ್ಕ ನಿಂತು ಆ ತೂತು ಅಲ್ಲೇ ಯಾಕೆ ಅಂತ ಕೇಳಿ, ಸೋಮವಾರ ಅದರ ಮೇಲೆ ಪಾಠ ಮಾಡೋ ಮೇಷ್ಟ್ರು ಅಲ್ಲ.

ನಮ್ಮೂರಲ್ಲಿ ನನ್ನ ಜೊತೆ ಹತ್ತನೇ ಕ್ಲಾಸ್ ಓದಿದವನೊಬ್ಬ ಐಟಿಐ ಫಿಟ್ಟರ್ ಮುಗಿಸಿ ಒಂದು ಕಾರ್ಖಾನೆಗೆ ಅಪ್ರೆಂಟಿಸ್ ಆಗಿ ಹೋದ. ಒಂದು ವರ್ಷ ಪೂರ್ತಿ ಒಂದೇ ಪ್ರೆಸ್ಸಿನ ಮುಂದೆ ತಗಡು ಇಟ್ಟು ತೆಗೆದ. ವರ್ಷದ ಕೊನೆಗೆ ಸರ್ಟಿಫಿಕೇಟು ಕೈಗೆ ಬಂತು, ಅವನ ಜಾಗಕ್ಕೆ ಹೊಸ ಅಪ್ರೆಂಟಿಸ್ ಬಂದ. "ನಿಮ್ ಐಟಿಐ ಮೇಷ್ಟ್ರು ಯಾರೂ ಬಂದು ನೋಡ್ಲಿಲ್ವೇನೋ?" ಅಂತ ಕೇಳಿದ್ದಕ್ಕೆ, "ಅವ್ರ್ಯಾಕೆ ಬರ್ತಾರೋ ಮಾರಾಯಾ, ನಾನು ಪಾಸಾಗೋದ್ನಲ್ಲ" ಅಂದ. ಈಗ ಅವನು ಟಾಟಾ ಏಸ್ ಓಡಿಸ್ತಾನೆ.

ಷ್ನೈಡರನ ಕುರ್ಚಿ ನಮ್ಮ ದೇಶದಲ್ಲಿ ಎಲ್ಲೂ ಇಲ್ಲವೇ ಅಂದರೆ, ಇದೆ. ಪಿಲಾನಿಯ ಬಿಟ್ಸ್‌ನಲ್ಲಿ ಸಿ. ಆರ್. ಮಿತ್ರಾ ಅವರ ಕಾಲದಲ್ಲಿ, 1973ರಲ್ಲಿ ಶುರುವಾದ ಪ್ರಾಕ್ಟೀಸ್ ಸ್ಕೂಲ್. ಹುಡುಗರು ಕಂಪನಿಗೆ ಹೋದರೆ ಅವರ ಜೊತೆ ಕಾಲೇಜಿನ ಮೇಷ್ಟ್ರೂ ಹೋಗ್ತಾರೆ, ಅಲ್ಲೇ ಇದ್ದು ನೋಡ್ತಾರೆ, ಅಂಕ ಕೊಡ್ತಾರೆ. ಅದಕ್ಕೆ ಮಾದರಿ ಅಮೆರಿಕದ ಎಂಐಟಿಯಲ್ಲಿ 1916ರಿಂದ ನಡೀತಿದ್ದ ಕೆಮಿಕಲ್ ಎಂಜಿನಿಯರಿಂಗಿನ ಪ್ರಾಕ್ಟೀಸ್ ಸ್ಕೂಲು. ಆಗೋ ಕೆಲಸವೇ, ದುಡ್ಡು ಮತ್ತು ಮೇಷ್ಟ್ರುಗಳ ಸಮಯ ಬೇಕು ಅಷ್ಟೇ. ಆ "ಅಷ್ಟೇ" ಎಷ್ಟು ಅಂತ ನನಗೆ ತಿಳಿದಿದ್ದು ಈ ವರ್ಷ.

ಇಷ್ಟೆಲ್ಲ ಓದಿಕೊಂಡ ಮೇಲೆ ಸುಮ್ಮನಿರೋಕಾಗದೆ, ಈ ಸಲದ ಹುಡುಗಿಯ ಫಾರಂನಲ್ಲಿದ್ದ ಸಂಯೋಜಕರ ನಂಬರಿಗೆ ನಾನೇ ಫೋನ್ ಮಾಡಿದೆ. ಅವರು ಮೊದಲು ಗಾಬರಿಯಾದರು, ಹುಡುಗಿ ಏನಾದರೂ ತಪ್ಪು ಮಾಡಿದಳಾ ಅಂತ. ಇಲ್ಲ ಮೇಡಂ, ಬಹಳ ಚೆನ್ನಾಗಿ ಮಾಡ್ತಿದ್ದಾಳೆ, ಒಂದು ದಿನ ಬಂದು ನೋಡಿ, ಅವಳು ಬರೆದಿರೋ ಕೋಡ್ ಯಾಕೆ ನಿಧಾನ ಅಂತ ನಿಮ್ಮ ಕ್ಲಾಸಿನಲ್ಲಿ ಚರ್ಚೆ ಮಾಡಬಹುದು ಅಂದೆ. ಅವರಿಗೆ ಖುಷಿಯಾಯ್ತು. ಅವರ ಹೆಸರಲ್ಲಿ 64 ಮಕ್ಕಳಿದ್ದಾರಂತೆ, ಮೂವತ್ತಕ್ಕೂ ಹೆಚ್ಚು ಕಂಪನಿಗಳಲ್ಲಿ. ಜೊತೆಗೆ ಎರಡು ಸಬ್ಜೆಕ್ಟು, ಒಂದು ಲ್ಯಾಬು, ಅಡ್ಮಿಷನ್ ಡ್ಯೂಟಿ.

"ಬರ್ಬೇಕು ಅಂತ ನಂಗೂ ಆಸೆ ಸರ್" ಅಂದರು. "ಆದ್ರೆ ಓಓಡಿ ಕೊಡಲ್ಲ. ಸಿಎಲ್ ಹಾಕಿ ಬರ್ಬೇಕು. ಶನಿವಾರ ನಿಮ್ಮ ಆಫೀಸ್ ಇರುತ್ತಾ?"

ಶನಿವಾರ ನಮಗೆ ರಜೆ. ಆದರೂ ಹನ್ನೊಂದು ಗಂಟೆಗೆ ಬನ್ನಿ ಅಂದಿದ್ದೀನಿ.