ಆಂತರಿಕ ಅಂಕ ಮತ್ತು ಪದವಿ ಪರೀಕ್ಷೆ: ಕಾರವಾರ–ಅಂಕೋಲಾ ಭಾಗದ ಇತಿಹಾಸ

ವಿದ್ಯಾರ್ಥಿಯ ವರ್ಷದುದ್ದದ ಓದಿಗೆ ಕಾಲೇಜಿನ ಅಧ್ಯಾಪಕರು ಕೊಡುವ ಅಂಕವನ್ನೂ ಕೊನೆಯ ಪರೀಕ್ಷೆಯಲ್ಲಿ ವಿಶ್ವವಿದ್ಯಾಲಯ ಕೊಡುವ ಅಂಕವನ್ನೂ ಕೂಡಿಸಿ ಒಂದು ವಿಷಯದ ಫಲಿತಾಂಶ ಹೇಳುವುದು ಇಂದು ಎಲ್ಲ ಕಡೆ ರೂಢಿ. ಮೊದಲನೆಯದನ್ನು ಕಡತಗಳಲ್ಲಿ ಆಂತರಿಕ ಮೌಲ್ಯಮಾಪನ ಎನ್ನುತ್ತಾರೆ. ಕಾಲೇಜಿನ ವರಾಂಡದಲ್ಲಿ ಅದು ‘ಐಎ’ ಅಥವಾ ‘ಇಂಟರ್ನಲ್ಸ್’. ಕಾರವಾರ ಮತ್ತು ಅಂಕೋಲೆಯ ಮಟ್ಟಿಗೆ ಈ ಪದ್ಧತಿಯ ಇತಿಹಾಸವೆಂದರೆ, ಅಂಕ ಹಾಕುವವರು ಮುಂಬಯಿಯಿಂದ ಧಾರವಾಡಕ್ಕೆ, ಧಾರವಾಡದಿಂದ ತರಗತಿಯ ಮೇಜಿನ ತನಕ ಹತ್ತಿರವಾದ ಕಥೆ.

1862ರಲ್ಲಿ ಉತ್ತರ ಕನ್ನಡ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಅಂದಿನಿಂದ ಈ ಕರಾವಳಿಯ ಹುಡುಗರ ವಿದ್ಯೆಯನ್ನು ಅಳೆದದ್ದು 1857ರಲ್ಲಿ ಹುಟ್ಟಿದ ಮುಂಬಯಿ ವಿಶ್ವವಿದ್ಯಾಲಯ. ಮೆಟ್ರಿಕ್ಯುಲೇಶನ್ನೂ ಅದರದ್ದೇ. ಲಂಡನ್ ಮಾದರಿಯ ಆ ವ್ಯವಸ್ಥೆಯಲ್ಲಿ ಪಾಠ ಹೇಳಿದವನ ಅಭಿಪ್ರಾಯಕ್ಕೆ ಬೆಲೆ ಇರಲಿಲ್ಲ; ಮುಖ ಕಾಣದ ಪರೀಕ್ಷಕ ಮೂರು ತಾಸಿನ ಉತ್ತರಪತ್ರಿಕೆ ನೋಡಿ ಹಾಕಿದ ಅಂಕವೇ ಅಂತಿಮ. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾಗಿ ಮರುವರ್ಷ ಧಾರವಾಡಕ್ಕೆ ಬಂದಾಗ ಪರೀಕ್ಷಕ ಘಟ್ಟದ ಮೇಲಿನವನಾದ, ಪದ್ಧತಿ ಮಾತ್ರ ಹಾಗೆಯೇ ಉಳಿಯಿತು.

ಬದಲಾವಣೆಯ ಮಾತು ಅದೇ ಹೊತ್ತಿಗೆ ದಿಲ್ಲಿಯಲ್ಲಿ ಶುರುವಾಗಿತ್ತು. 1948–49ರ ರಾಧಾಕೃಷ್ಣನ್ ಆಯೋಗವು ಪ್ರತಿ ವಿಷಯದ ಮೂರನೆಯ ಒಂದು ಪಾಲು ಅಂಕವನ್ನು ವರ್ಷದ ಕೆಲಸಕ್ಕೆ ಮೀಸಲಿಡಬೇಕೆಂದು ಶಿಫಾರಸು ಮಾಡಿತು. 1964–66ರ ಕೊಠಾರಿ ಆಯೋಗವೂ ಆಂತರಿಕ ಮೌಲ್ಯಮಾಪನದ ಪರವಾಗಿಯೇ ನಿಂತಿತು. ಕೊಠಾರಿ ವರದಿ ಬಂದ 1966ರಲ್ಲೇ ದಿನಕರ ದೇಸಾಯಿಯವರ ಕೆನರಾ ವೆಲ್‌ಫೇರ್ ಟ್ರಸ್ಟ್ ಅಂಕೋಲೆಯಲ್ಲಿ ಗೋಖಲೆ ಸೆಂಟಿನರಿ ಕಾಲೇಜನ್ನು ತೆರೆಯಿತು. ಊರಲ್ಲೇ ಡಿಗ್ರಿ ಓದುವ ದಾರಿ ಆಯಿತು. ಆದರೆ ಅಂಕದ ಅಧಿಕಾರ ಊರಿಗೆ ಬರಲು ಇನ್ನೂ ದಶಕಗಳೇ ಹಿಡಿದವು.

ವಿಜ್ಞಾನದಲ್ಲಿ ಮಾತ್ರ ಅಧ್ಯಾಪಕರಿಗೆ ಆ ಅಧಿಕಾರ ಬೇರೆ ರೂಪದಲ್ಲಿ ಮೊದಲಿನಿಂದಲೂ ಇತ್ತು. ಪ್ರಾಕ್ಟಿಕಲ್‌ಗೆ ಕೂರಬೇಕಾದರೆ ಜರ್ನಲ್ ಬರೆದು ಸರ್ಟಿಫೈ ಮಾಡಿಸಿರಬೇಕು. ಕಾರವಾರದ ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವನ್ನೇ ನೋಡಿ. ಇಳಿತದ ಹೊತ್ತಿಗೆ ಬಂಡೆಗಳ ನಡುವೆ ಬಗ್ಗಿ ಜೀವಿಗಳನ್ನು ಗುರುತಿಸಿ, ಆ ಜಾಗದ ನೀರಿನ ಉಪ್ಪಿನಂಶ ಅಳೆದು, ಬರೆದಿಟ್ಟು ಕಲಿಯುವ ಕೆಲಸವನ್ನು ಮೂರು ತಾಸಿನ ಪ್ರಶ್ನೆಪತ್ರಿಕೆ ಅಳೆಯಲಾರದು. ಆಂತರಿಕ ಅಂಕಕ್ಕೆ ಇದಕ್ಕಿಂತ ಗಟ್ಟಿಯಾದ ಸಮರ್ಥನೆ ಈ ಲೇಖಕನಿಗೆ ತೋರುವುದಿಲ್ಲ.

ವಾರ್ಷಿಕ ಪರೀಕ್ಷೆ ಹೋಗಿ ಸೆಮಿಸ್ಟರ್ ಬಂದ ಮೇಲೆ ಕರ್ನಾಟಕ ವಿಶ್ವವಿದ್ಯಾಲಯದ ಪದವಿ ತರಗತಿಗಳಲ್ಲಿ ನೂರರಲ್ಲಿ 80 ಅಂಕ ಪರೀಕ್ಷೆಗೆ, 20 ಕಾಲೇಜಿಗೆ ಎಂಬ ಹಂಚಿಕೆ ನೆಲೆಯೂರಿತು. 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಜಾರಿಯಾದಾಗ ಅದು 60–40 ಆಯಿತು. ರಾಜ್ಯ ಸರ್ಕಾರ ಆ ನೀತಿಯನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿದ 2024–25ರಲ್ಲಿ ಹೊಸದಾಗಿ ಸೇರಿದವರಿಗೆ ಮತ್ತೆ 80–20. ಮಾಜಾಳಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಸೇರಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಹೋದದ್ದು ಒಂದೇ ದಿಕ್ಕಿಗೆ: 2010ರ ಸ್ಕೀಮಿನಲ್ಲಿ 100ರ ಪರೀಕ್ಷೆಗೆ 25 ಆಂತರಿಕ, 2018ರಲ್ಲಿ 60ಕ್ಕೆ 40, 2021ರಿಂದ 50ಕ್ಕೆ 50. ಅಲ್ಲಿ ಬ್ಲೂ ಬುಕ್ಕಿನಲ್ಲಿ ಬರೆಯುವ ಟೆಸ್ಟು ಮತ್ತು ಅಸೈನ್‌ಮೆಂಟುಗಳೇ ಈಗ ಅರ್ಧ ಫಲಿತಾಂಶವನ್ನು ಮೊದಲೇ ನಿರ್ಧರಿಸಿರುತ್ತವೆ. ಹಾಗೆಂದು ಪರೀಕ್ಷೆಯನ್ನು ಕಡೆಗಣಿಸುವಂತಿಲ್ಲ: ಆಂತರಿಕದಲ್ಲಿ 50ಕ್ಕೆ 20, ಪರೀಕ್ಷೆಯಲ್ಲಿ 18, ಕೂಡಿಸಿದಾಗ 40 ಬಂದರಷ್ಟೇ ಪಾಸು.

ಈ ಅನುಪಾತ ಬದಲಾದರೆ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ಅಂಕೋಲೆಯ ಬಿ.ಎ. ವಿದ್ಯಾರ್ಥಿನಿಯೊಬ್ಬಳು ಇತಿಹಾಸದ ಆಂತರಿಕದಲ್ಲಿ ಶೇ. 85, ಪರೀಕ್ಷೆಯಲ್ಲಿ ಸುಮಾರು ಶೇ. 52 ಪಡೆದಳೆನ್ನೋಣ. 60–40ರಲ್ಲಿ ಅವಳಿಗೆ 31 ಮತ್ತು 34, ಒಟ್ಟು 65, ಪ್ರಥಮ ದರ್ಜೆ. 80–20ರಲ್ಲಿ ಅದೇ ಸಾಧನೆಗೆ 41 ಮತ್ತು 17, ಒಟ್ಟು 58; ದ್ವಿತೀಯ ದರ್ಜೆ. ಹುಡುಗಿ ಅವಳೇ, ಓದಿದ್ದೂ ಅಷ್ಟೇ. ಪ್ರತಿ ವಿಷಯದ ಗ್ರೇಡ್ ಪಾಯಿಂಟನ್ನು ಅದರ ಕ್ರೆಡಿಟ್‌ನಿಂದ ಗುಣಿಸಿ, ಎಲ್ಲ ಕೂಡಿಸಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸಿದಾಗ ಸೆಮಿಸ್ಟರಿನ ಸರಾಸರಿ ಬರುವುದರಿಂದ, ಹೆಚ್ಚು ಕ್ರೆಡಿಟ್‌ನ ವಿಷಯದಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದಾಗಿ ತಾಗುತ್ತದೆ.

ಕಾಲೇಜಿನ ಪಾಲು ಹೆಚ್ಚಾಗಬೇಕೆ? ಇಲ್ಲಿ ಎರಡೂ ಕಡೆ ನ್ಯಾಯವಿದೆ. ಧಾರವಾಡದ ಮೌಲ್ಯಮಾಪಕನಿಗೆ ಕಾಣುವುದು ಒಂದು ಸಂಖ್ಯೆ ಮಾತ್ರ. ಅಂಕೋಲೆಯಲ್ಲಾದರೆ ಹೆಸರಿನ ಜೊತೆಗಿರುವ ನಾಯಕ, ಗೌಡ, ಹರಿಕಂತ್ರ, ಆಗೇರ ಎಂಬುದೇ ಮಗುವಿನ ಕೇರಿಯನ್ನು ಹೇಳಿಬಿಡುತ್ತದೆ. ಎಲ್ಲರಿಗೂ ಎಲ್ಲರ ಪರಿಚಯ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರಿಗೆ ಆ ಕುರುಡು ಸಂಖ್ಯೆ ಒಂದು ರಕ್ಷಣೆ. ಇನ್ನೊಂದು ಕಡೆ, ದೋಣಿ ಕೆಲಸಕ್ಕೋ ಗದ್ದೆಗೋ ಹೋಗಿ ಬಂದು ಓದುವ ಹುಡುಗನ ಕಷ್ಟವನ್ನು ಕಂಡು, ತಪ್ಪಿದ ಟೆಸ್ಟನ್ನು ಮತ್ತೆ ಬರೆಸುವುದು ಪರಿಚಯವಿರುವ ಮೇಷ್ಟರಿಗೇ ಸಾಧ್ಯ. ಹಾಗಾಗಿ ಅನುಪಾತಕ್ಕಿಂತ ಮುಖ್ಯವಾದುದು ಅಂಕವನ್ನು ಹೇಗೆ ಕೊಡುತ್ತಾರೆ ಎಂಬುದು: ತಿದ್ದಿದ ಪತ್ರಿಕೆ ವಿದ್ಯಾರ್ಥಿಯ ಕೈಗೆ ಬರಬೇಕು, ಅಂಕ ನೋಟಿಸ್ ಬೋರ್ಡಿಗೆ ಏರಬೇಕು, ತಕರಾರು ಹೇಳಲು ದಿನ ಇರಬೇಕು. ಪರೀಕ್ಷೆಯ ಅಂಕಕ್ಕೆ ರಿವ್ಯಾಲ್ಯುಯೇಶನ್ ಇದೆ. ರಾಜ್ಯದ ಏಕೀಕೃತ ತಂತ್ರಾಂಶ ಯುಯುಸಿಎಂಎಸ್‌ಗೆ ಒಮ್ಮೆ ಏರಿದ ಐಎ ಅಂಕವನ್ನು ಬದಲಿಸುವುದು ವಿದ್ಯಾರ್ಥಿಯ ಕೈಲಿಲ್ಲ.

ಈ ಅಂಕದ ಮೇಲೆ ಪೂರ್ತಿ ಭಾರ ಬಿದ್ದದ್ದು 2020ರ ಕೊರೊನಾ ವರ್ಷದಲ್ಲಿ. ಯುಜಿಸಿ ಮಾರ್ಗಸೂಚಿಯಂತೆ ಮಧ್ಯದ ಸೆಮಿಸ್ಟರಿನವರಿಗೆ ಅರ್ಧ ಅಂಕ ಆಂತರಿಕದಿಂದ, ಅರ್ಧ ಹಿಂದಿನ ಸೆಮಿಸ್ಟರಿನಿಂದ. ಹಿಂದಿನ ಫಲಿತಾಂಶವೇ ಇಲ್ಲದವರಿಗೆ ಪೂರ್ತಿ ಆಂತರಿಕವೇ ಆಧಾರ. ಕೊನೆಯ ವರ್ಷದವರಿಗೆ ಪರೀಕ್ಷೆ ಬೇಕೇ ಬೇಕೆಂದು ಸುಪ್ರೀಂ ಕೋರ್ಟ್ ಅದೇ ವರ್ಷದ ಆಗಸ್ಟ್ 28ರಂದು ತೀರ್ಪು ಕೊಟ್ಟಿತು.

ಶಾಲೆಯ ಹಂತದಲ್ಲೂ ಈಗ ಇದೇ ಜಾಡು. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 100ರ ಜೊತೆ 25, ಉಳಿದವಕ್ಕೆ 80ರ ಜೊತೆ 20. ಪಿಯುಸಿಯಲ್ಲಿ 2023–24ರಿಂದ ಪ್ರಯೋಗಾಲಯವಿಲ್ಲದ ವಿಷಯಗಳಿಗೂ 20 ಆಂತರಿಕ ಅಂಕ. ಪದವಿಯಲ್ಲಿ 80–20ಕ್ಕೆ ಮರಳಿದ ಮೊದಲ ತಂಡದ ಮೂರು ವರ್ಷ ಮುಗಿಯುವುದು 2027ರಲ್ಲಿ. ಆಗ ಸ್ನಾತಕೋತ್ತರ ಪ್ರವೇಶದ ಪಟ್ಟಿಯಲ್ಲಿ ಅವರ ಪಕ್ಕಕ್ಕೇ 60–40ರಲ್ಲಿ ಓದಿದವರೂ ಬರುತ್ತಾರೆ. ಎರಡು ಅಳತೆಯ 65ನ್ನು ಒಂದೇ 65 ಎಂದು ಎಣಿಸದ ಹಾಗೆ ನಿಯಮ ಮಾಡುವ ಕೆಲಸ ವಿಶ್ವವಿದ್ಯಾಲಯಗಳದ್ದು.