ಬಳಸಿ ಹೋದ ರೈಲು

ಬೈಪಾಸ್ ಎಂಬ ಮಾತು ಈಗ ನಮ್ಮ ಕಡೆಯ ದನ ಕಾಯುವ ಹುಡುಗರ ಬಾಯಲ್ಲೂ ಕನ್ನಡವೇ ಆಗಿಬಿಟ್ಟಿದೆ. ಜೇವರ್ಗಿಯಿಂದ ಹೊರಟು ಚಾಮರಾಜನಗರ ಮುಟ್ಟುವ 150ಎ ರಾಷ್ಟ್ರೀಯ ಹೆದ್ದಾರಿ ಲಿಂಗಸುಗೂರು, ಮಸ್ಕಿ ದಾಟಿ ಸಿಂಧನೂರಿಗೆ ಬಂದು ಸಿರುಗುಪ್ಪದ ದಾರಿ ಹಿಡಿಯುತ್ತದೆ. ಸುಗ್ಗಿಯ ದಿನಗಳಲ್ಲಿ ಭತ್ತದ ಲಾರಿಗಳು, ಹುಲ್ಲು ಹೇರಿದ ಟ್ರ್ಯಾಕ್ಟರುಗಳು ಊರ ನಡುವಿನ ಸರ್ಕಲ್ಲಿನಲ್ಲಿ ಒಂದಕ್ಕೊಂದು ಮುಖ ಕೊಟ್ಟು ನಿಂತಾಗ ನಡೆದು ಹೋಗುವವನಿಗೂ ದಾರಿ ಇರುವುದಿಲ್ಲ. "ಊರ ಹೊರಗಿಂದ ಒಂದು ರಸ್ತಾ ಮಾಡಿದ್ರ ಪುಣ್ಯ ಬರ್ತದ ನೋಡ್ರಿ" ಎಂದು ಹೋಟೆಲಿನಲ್ಲಿ ಒಬ್ಬ ಅಂದರೆ, ಗಲ್ಲಾದ ಮೇಲೆ ಕೂತ ಮಾಲೀಕ ತಲೆ ಎತ್ತುವುದಿಲ್ಲ. ಅವನ ಪುಣ್ಯದ ಲೆಕ್ಕ ಬೇರೆ. ಮೈಸೂರು ರಸ್ತೆಯ ಸುದ್ದಿ ಅವನಿಗೂ ಗೊತ್ತು. 2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಗಿ ಬಿಡದಿ, ರಾಮನಗರ, ಚನ್ನಪಟ್ಟಣ, ಮಂಡ್ಯಗಳನ್ನು ಗಾಡಿಗಳು ಬಳಸಿ ಹೋಗತೊಡಗಿದ ಮೇಲೆ ಗೊಂಬೆ ಅಂಗಡಿಯವರೂ ಮದ್ದೂರು ವಡೆಯವರೂ ಗಿರಾಕಿಗಾಗಿ ದಾರಿ ನೋಡುವಂತಾಯಿತು.

ನಾನು ಹೇಳಹೊರಟಿದ್ದು ಇನ್ನೊಂದು ಬೈಪಾಸಿನ ಕಥೆ. ಅದನ್ನು ನಮ್ಮವರು ಯಾರೂ ಕೇಳಿರಲಿಲ್ಲ. ನೂರೈವತ್ತು ವರ್ಷಗಳ ಹಿಂದೆ ರೈಲು ನಮ್ಮನ್ನು ಬಳಸಿ ಹೋಯಿತು.

1871ರಲ್ಲಿ ಮುಂಬಯಿಯ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ, ಮದರಾಸಿನ ಕಡೆಯಿಂದ ಬಂದ ಮದ್ರಾಸ್ ರೈಲ್ವೆ, ಎರಡೂ ರಾಯಚೂರಿನಲ್ಲಿ ಕೂಡಿದವು. ಎರಡು ಪ್ರೆಸಿಡೆನ್ಸಿಗಳನ್ನು ಜೋಡಿಸುವುದು ಇಂಗ್ಲಿಷರಿಗೆ ಬೇಕಾಗಿತ್ತು. ನಡುವೆ ಬಿದ್ದ ನಿಜಾಮನ ಸೀಮೆಗೆ ಏನು ಬೇಕೆಂದು ಕೇಳುವ ಗರಜು ಅವರಿಗಿರಲಿಲ್ಲ. 1880ರ ದಶಕದಲ್ಲಿ ತುಂಗಭದ್ರೆಯ ಆಚೆ ದಡದಲ್ಲಿ ಬಳ್ಳಾರಿ, ಹೊಸಪೇಟೆ, ಗದಗಿನ ದಾರಿಯಾಯಿತು. ಪೂರ್ವಕ್ಕೊಂದು ಹಳಿ, ದಕ್ಷಿಣಕ್ಕೊಂದು ಹಳಿ. ಎರಡು ನದಿಗಳ ನಡುವಿನ ದೋಆಬ್ ಎಂದು ಇತಿಹಾಸದಲ್ಲಿ ಹೆಸರಾಗಿದ್ದ ನಾಡು, ಎರಡು ಹಳಿಗಳ ನಡುವಿನ ಮೂಲೆಯಾಯಿತು. ಈ ನೆಲಕ್ಕಾಗಿ ವಿಜಯನಗರದವರೂ ಬಿಜಾಪುರದವರೂ ಕತ್ತಿ ಹಿರಿದದ್ದನ್ನು ನಾನು ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಆ ಪಾಠ ಮುಗಿಸಿ ಮನೆಗೆ ಹೋಗಲು ಬಸ್ಸಿಗಾಗಿ ಒಂದೂವರೆ ತಾಸು ಕಾಯುತ್ತಿದ್ದೆ.

ಲಿಂಗಸುಗೂರಿನ ಗತಿಯನ್ನೇ ನೋಡಿ. ನಿಜಾಮನ ಕಾಲದಲ್ಲಿ ಅದು ಜಿಲ್ಲೆಯ ಊರು, ಇಂಗ್ಲಿಷರ ದಂಡಿದ್ದ ಠಾಣ್ಯ. 1905ರಲ್ಲಿ ಆ ಜಿಲ್ಲೆಯನ್ನೇ ಒಡೆದು ರಾಯಚೂರಿಗೂ ಗುಲ್ಬರ್ಗಕ್ಕೂ ಹಂಚಿದರು. ರೈಲು ಇದ್ದೂರು ರೈಲು ಇಲ್ಲದೂರನ್ನು ನುಂಗಿತು ಎಂದು ನಾನು ಹೇಳಿದರೆ ಚರಿತ್ರೆಯ ಪ್ರಾಧ್ಯಾಪಕರು ಒಪ್ಪಲಿಕ್ಕಿಲ್ಲ. ಕಾರಣಗಳು ಬೇರೆಯೂ ಇದ್ದಿರಬೇಕು. ಆದರೆ ಕಚೇರಿ, ಕೋರ್ಟು, ಪೇಟೆ, ಎಲ್ಲ ಹಳಿಯ ಕಡೆಗೆ ಜಾರಿದ್ದಂತೂ ಕಣ್ಣಿಗೆ ಕಾಣುವ ಸಂಗತಿ.

ಇಂಥ ಮೂಲೆಗೆ ಮೊದಲು ಬಂದದ್ದು ರೈಲಲ್ಲ, ನೀರು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಬಿಟ್ಟರು. ಎಡದಂಡೆ ಕಾಲುವೆ ಗಂಗಾವತಿ, ಕಾರಟಗಿ ದಾಟಿ ಸಿಂಧನೂರಿನ ಎರೆ ನೆಲಕ್ಕೆ ಇಳಿಯಿತು. ಜೋಳ ಬೆಳೆಯುತ್ತಿದ್ದ ನಮ್ಮವರಿಗೆ ನೀರು ನಿಲ್ಲಿಸಿ ಬೆಳೆ ತೆಗೆಯುವುದು ಗೊತ್ತಿರಲಿಲ್ಲ. ಗೊತ್ತಿದ್ದವರು ಆಂಧ್ರದಿಂದ ಬಂದರು. ಕೃಷ್ಣಾ, ಗೋದಾವರಿ ಸೀಮೆಯ ರೈತರು. ಅಲ್ಲಿಯ ಒಂದೆಕರೆ ಮಾರಿ ಇಲ್ಲಿ ಹತ್ತೆಕರೆ ಕೊಂಡರು ಎಂದು ನಮ್ಮಜ್ಜ ಅನ್ನುತ್ತಿದ್ದ. ಅವರು ಇಳಿದಲ್ಲೆಲ್ಲ ಕ್ಯಾಂಪು ಎದ್ದವು. ಮನೆಗಳು ಕಾಂಕ್ರೀಟಾಗಿ, ಮೊಮ್ಮಕ್ಕಳು ಅಚ್ಚ ಸಿಂಧನೂರಿನ ಕನ್ನಡ ಆಡಿದರೂ ಊರಿನ ಹೆಸರು ಮಾತ್ರ ಕ್ಯಾಂಪೇ. ಬಂದವರು ಎಂದಾದರೂ ಗಂಟುಮೂಟೆ ಕಟ್ಟಿಯಾರು ಎಂದು ನೆಲ ಇನ್ನೂ ಅನುಮಾನದಲ್ಲಿದ್ದಂತೆ.

ಅವುಗಳಲ್ಲಿ ಆರ್.ಎಚ್. ಕ್ಯಾಂಪುಗಳದು ಬೇರೆ ಕಥೆ. ಆಂಧ್ರದವರು ತಾವಾಗಿ ಬಂದರು. ಇವರನ್ನು ಸರ್ಕಾರ ತಂದು ಇಳಿಸಿತು. ಪೂರ್ವ ಪಾಕಿಸ್ತಾನದಿಂದ ಓಡಿಬಂದ ಬಂಗಾಳಿ ಹಿಂದೂ ಕುಟುಂಬಗಳು, ಬಹುಪಾಲು ನಾಮಶೂದ್ರರು. ಎಪ್ಪತ್ತರ ದಶಕದ ಆಸುಪಾಸಿನಲ್ಲಿ ಅವರಿಗೆ ಇಲ್ಲಿ ಹೊಲ, ಮನೆ ಕೊಟ್ಟು ಪುನರ್ವಸತಿ ಮಾಡಿದರು. ಕ್ಯಾಂಪುಗಳಿಗೆ ಹೆಸರಿಡಲೂ ಪುರಸೊತ್ತಿರಲಿಲ್ಲವೋ ಏನೋ, ನಂಬರು ಕೊಟ್ಟರು. ಎರಡನೇ ಕ್ಯಾಂಪು, ಮೂರನೇ ಕ್ಯಾಂಪು, ಹೀಗೆ. ತೊಂಬತ್ತರ ದಶಕದ ನಡುವೆ ನನಗೆ ಅಲ್ಲಿಯ ಶಾಲೆಗೆ ವರ್ಗವಾದಾಗ ಮನೆಯವರು ಅತ್ತು ಬಿಡುವುದೊಂದು ಬಾಕಿ. ನಾನೂ ಹಾಗೇ ಮುಖ ಸಣ್ಣದು ಮಾಡಿಕೊಂಡು ಹೋದೆ. ಹೋಗಿ ನೋಡಿದರೆ ಪ್ರತಿ ಮನೆಯ ಹಿಂದೆ ಮೀನಿನ ಹೊಂಡ, ಅಂಗಳದಲ್ಲಿ ತುಳಸಿ, ದಸರೆಯಲ್ಲಿ ಮಣ್ಣಿನ ದುರ್ಗೆ. ಮಕ್ಕಳು ಮನೆಯಲ್ಲಿ ಬಂಗಾಳಿ, ಹೊಲದಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುತ್ತಿದ್ದವು. ನನ್ನ ಕಾಗುಣಿತದ ತಪ್ಪು ಹಿಡಿದವಳೂ ಒಬ್ಬ ಬಂಗಾಳಿ ಹುಡುಗಿಯೇ.

ಶಾಲೆಯ ಎದುರಿಗೆ ಒಬ್ಬ ಮುದುಕರಿದ್ದರು. ಮಕ್ಕಳೆಲ್ಲ ದಾದು ಎನ್ನುತ್ತಿದ್ದವು, ನಾನೂ ಹಾಗೇ ಕರೆದೆ. ಅವರು ನನ್ನನ್ನು ಕರೆಯುತ್ತಿದ್ದುದು ಮಾಸ್ಟರ್ ಮೊಶಾಯ್ ಎಂದು. ಖುಲ್ನಾ ಕಡೆಯವರು. ರಾಯಪುರದ ಹತ್ತಿರದ ಮಾನಾ ಶಿಬಿರದಲ್ಲಿ ಕೆಲವು ವರ್ಷ ಡೇರೆಯಲ್ಲಿದ್ದು ಇತ್ತ ಬಂದವರು. "ರಾಯಚೂರಾಗ ಇಳಿಸಿದ್ರು. ಅಲ್ಲಿಂದ ಲಾರಿ. ಲಾರಿ ಹೋಗೇ ಹೋಗ್ತದ, ಹೋಗೇ ಹೋಗ್ತದ. ನನ್ನ ಹೆಂಡ್ತಿ ಕೇಳಿದ್ಲು, ಹಿಂದಕ ಹೋಗಬೇಕಂದ್ರ ರೈಲು ಎಲ್ಲಿ? ನಾನು ಅಂದೆ, ಹಿಂದಕ ಎಲ್ಲಿಗಿ ಹೋಗ್ತಿ?" ಇದನ್ನು ಅವರು ನಗುತ್ತಲೇ ಹೇಳುತ್ತಿದ್ದರು.

ದಾದುವಿನ ಮನೆಯಲ್ಲಿ ಪುಸ್ತಕ ಎನ್ನುವಂಥದ್ದು ಎರಡಿದ್ದವು. ಒಂದು ಬಂಗಾಳಿ ಪಂಚಾಂಗ. ಇನ್ನೊಂದು ರೈಲ್ವೆ ಟೈಂಟೇಬಲ್. ರಾಯಚೂರಿಗೆ ಹೋದ ಯಾರಾದರೂ ಹೊಸದನ್ನು ತಂದುಕೊಡಬೇಕು. ಹಳಿಯೇ ಇಲ್ಲದ ಊರಿನಲ್ಲಿ ಕೂತು, ಗುಂತಕಲ್ಲಿಗೆ ಯಾವ ಗಾಡಿ ಎಷ್ಟಕ್ಕೆ, ಹಾವಡಾಕ್ಕೆ ಹೋಗಲು ಎಲ್ಲಿ ಬದಲಿಸಬೇಕು ಎಂಬುದನ್ನು ಕ್ಯಾಂಪಿನ ಜನಕ್ಕೆ ಹೇಳುವುದು ಅವರ ಉದ್ಯೋಗ. ನದಿಯಾ ಜಿಲ್ಲೆಯಿಂದ ಸೊಸೆ ತರಬೇಕಾದವರು, ಉತ್ತರ ಇಪ್ಪತ್ನಾಲ್ಕು ಪರಗಣದಲ್ಲಿ ಅಣ್ಣ ಸತ್ತ ಸುದ್ದಿ ಬಂದವರು, ಮೊದಲು ಬರುತ್ತಿದ್ದುದು ದಾದುವಿನ ಜಗಲಿಗೆ. ಎಂಬತ್ತು ತೊಂಬತ್ತು ಕಿಲೋಮೀಟರು ಬಸ್ಸಿನಲ್ಲಿ ಕುಲುಕಿಸಿಕೊಂಡು ರಾಯಚೂರೋ ಹೊಸಪೇಟೆಯೋ ಮುಟ್ಟಿದ ಮೇಲಷ್ಟೇ ಪ್ರಯಾಣ ಸುರು.

ದೇವೇಗೌಡರು ಪ್ರಧಾನಿಯಾಗಿದ್ದರು, ರಾಮ್ ವಿಲಾಸ್ ಪಾಸ್ವಾನ್ ರೈಲು ಮಂತ್ರಿ. 1997-98ರ ಬಜೆಟ್ಟಿನಲ್ಲಿ ಮುನಿರಾಬಾದ್-ಮಹಬೂಬ್‌ನಗರ ಹೊಸ ಮಾರ್ಗಕ್ಕೆ ಮಂಜೂರಾತಿ ಸಿಕ್ಕಿತು. ಗಿಣಿಗೇರಿಯಲ್ಲಿ ಕವಲೊಡೆದು ಗಂಗಾವತಿ, ಕಾರಟಗಿ, ಸಿಂಧನೂರು, ರಾಯಚೂರು. ಒಟ್ಟು ಇನ್ನೂರ ನಲವತ್ತು ಕಿಲೋಮೀಟರಿಗೂ ಹೆಚ್ಚು. ನೂರಕ್ಕೂ ಹೆಚ್ಚು ವರ್ಷ ಬಳಸಿ ಹೋದ ರೈಲು ಒಳಗೆ ಬರುತ್ತೇನೆ ಅಂದಿತು. ಮರುದಿನ ಪೇಪರು ಓದಿ ಸಿಂಧನೂರಿನಲ್ಲಿ ಪಟಾಕಿ ಹಾರಿಸಿದರು. ಅಕ್ಕಿ ಗಿರಣಿಯವರು ಅಕ್ಕಿ ಮೂಟೆಯ ಬಾಡಿಗೆ ಎಷ್ಟು ಉಳಿದೀತು ಎಂದು ಲೆಕ್ಕ ಹಾಕಿದರು. ಸ್ಟೇಷನ್ ಎಲ್ಲಿ ಆದೀತು ಎಂದು ಅಂದಾಜು ಮಾಡಿ ಕೆಲವರು ಹೊಲ ಕೊಳ್ಳಲು ಹೊರಟರು. ಒಬ್ಬೊಬ್ಬರ ಅಂದಾಜು ಒಂದೊಂದು ದಿಕ್ಕಿಗಿತ್ತು. ನಾನು ಪೇಪರು ಮಡಚಿಕೊಂಡು ದಾದುವಿನ ಜಗಲಿಗೆ ಓಡಿದೆ. ಅವರು ಸುದ್ದಿಯನ್ನು ಎರಡು ಸಲ ಓದಿಸಿಕೊಂಡು, "ಇದರಾಗ ಟೈಮಿಂಗು ಕೊಟ್ಟಿಲ್ಲಲ್ಲ" ಅಂದರು.

ಟೈಮಿಂಗು ಸಿಗಲು ಇಪ್ಪತ್ತೇಳು ವರ್ಷ ಬೇಕಾಯಿತು. ಆ ವರ್ಷಗಳನ್ನು ಇಲ್ಲಿ ಬಿಡಿಸಿ ಬರೆಯುವುದಕ್ಕೆ ಏನೂ ಇಲ್ಲ. ಚುನಾವಣೆಗೊಮ್ಮೆ ಸರ್ವೆಯ ಕಲ್ಲು, ಬಜೆಟ್ಟಿಗೊಮ್ಮೆ ಅಷ್ಟಿಷ್ಟು ದುಡ್ಡು. ಜಾಗವನ್ನು ರಾಜ್ಯ ಸರ್ಕಾರ ಪುಕ್ಕಟೆ ಕೊಡಬೇಕು, ಖರ್ಚಿನಲ್ಲೂ ಅರ್ಧ ಹೊರಬೇಕು ಎಂದಾದ ಮೇಲೆ ಕಡತ ಬೆಂಗಳೂರಿಗೂ ದೆಹಲಿಗೂ ನಡುವೆ ಓಡಾಡಿತು, ಅದಕ್ಕಾದರೂ ರೈಲಿತ್ತು. 2019ರಲ್ಲಿ ಗಂಗಾವತಿಗೆ ಗಾಡಿ ಬಂತು, ಮುಂದೆ ಕಾರಟಗಿಗೆ. ಆ ತುದಿಯಲ್ಲಿ ಮಹಬೂಬ್‌ನಗರದ ಕಡೆಯ ಹಳಿ ಕೃಷ್ಣಾ ನಿಲ್ದಾಣಕ್ಕೆ ಕೂಡಿದ್ದು 2023ರಲ್ಲಿ.

ನಮ್ಮ ದೊಡ್ಡಪ್ಪನ ಮಗನ ಎರಡೆಕರೆ ಹಳಿಗೆ ಹೋಯಿತು. ಕಾಲುವೆ ಬರುವಾಗಲೂ ಅವರಪ್ಪನ ಹೊಲದ ಒಂದು ತುಂಡು ಹೋಗಿತ್ತು. "ಆವಾಗ ಹೋದದ್ದಕ್ಕ ಉಳಿದ ಹೊಲಕ್ಕ ನೀರು ಬಂತು. ಈಗ ಹೋದದ್ದಕ್ಕ ಸೀಟಿ ಕೇಳಸ್ತದ" ಅಂದ. ಪರಿಹಾರ ಬಂತು, ಅದರಲ್ಲಿ ಮಗಳ ಮದುವೆಯಾಯಿತು. ಆದರೆ ಹಳಿಯ ಏರಿ ಹೊಲವನ್ನು ಇಬ್ಭಾಗ ಮಾಡಿ, ಆಚೆ ಉಳಿದ ಮುಕ್ಕಾಲು ಎಕರೆಗೆ ಹೋಗಲು ಅವನು ಎತ್ತು ಹೊಡೆದುಕೊಂಡು ಸುತ್ತಿ ಬರಬೇಕಾಗಿದೆ. ಊರಿಗೆ ರೈಲಿನ ಸುತ್ತು ತಪ್ಪಿತು, ಅವನಿಗೆ ಹೊಲದ ಸುತ್ತು ಅಂಟಿತು. ಉದ್ಘಾಟನೆಯ ದಿನ ಅವನು ಸ್ಟೇಷನ್ನಿಗೆ ಬರಲಿಲ್ಲ. ಬೇಸರದಿಂದಲ್ಲ, ಅವತ್ತು ಕಾಲುವೆ ನೀರಿನ ಪಾಳಿ ಇತ್ತಂತೆ.

2024ರ ಮಾರ್ಚ್ ತಿಂಗಳ ನಡುವೆ ರೈಲು ಸಿಂಧನೂರಿಗೆ ಬಂತು. ಹುಬ್ಬಳ್ಳಿಯ ಗಾಡಿ; ಯಶವಂತಪುರದ ಗಾಡಿಯೂ ಕಾರಟಗಿಯಿಂದ ಇಲ್ಲಿಯವರೆಗೆ ಉದ್ದವಾಯಿತು. ರಾಯಚೂರಿನ ಕಡೆ ಹಳಿ ಇನ್ನೂ ಆಗಬೇಕಿತ್ತು, ಆ ಚಿಂತೆ ಅವತ್ತು ಯಾರಿಗೂ ಇರಲಿಲ್ಲ. ಎಂಜಿನ್ನಿಗೆ ಬಾಳೆಕಂಬ ಕಟ್ಟಿದ್ದರು. ಹೆಣ್ಣುಮಕ್ಕಳು ಕುಂಕುಮ ಹಚ್ಚಲು ಮುಗಿಬಿದ್ದರು. ಎಂಬತ್ತು ದಾಟಿದ ಒಬ್ಬಾಕೆ ಹಳಿಯನ್ನು ಮುಟ್ಟಿ ನೋಡಿ, "ಇಷ್ಟು ಸಣ್ಣದರ ಮ್ಯಾಲ ಹೆಂಗ ನಿಂದರ್ತದಪ್ಪಾ" ಅಂದಳು. ನನಗೂ ಗಂಟಲು ಕಟ್ಟಿತ್ತು.

ಕ್ಯಾಂಪಿನಲ್ಲಿ ಮಾತ್ರ ಬೇರೆಯೇ ಗಾಳಿ. ಅದೇ ಮಾರ್ಚ್ 11ರಂದು ಕೇಂದ್ರ ಸರ್ಕಾರ 2019ರ ಪೌರತ್ವ ತಿದ್ದುಪಡಿ ಕಾಯ್ದೆಯ ನಿಯಮಗಳನ್ನು ಪ್ರಕಟಿಸಿತ್ತು. ದೇಶದಲ್ಲಿ ಆ ಕಾಯ್ದೆಯ ಮೇಲೆ ಏನೇನು ಜಗಳವಿತ್ತೋ, ಧರ್ಮ ನೋಡಿ ಬಾಗಿಲು ತೆರೆಯುವುದು ಸರಿಯಲ್ಲ ಎಂಬ ವಾದ ನನಗೂ ಒಪ್ಪಿತವೇ. ಆದರೆ ಐವತ್ತು ವರ್ಷ ಬಾಗಿಲ ಹೊರಗೆ ನಿಂತವರ ಜಗಲಿಯಲ್ಲಿ ಕೂತಾಗ ಆ ವಾದ ನನ್ನ ಬಾಯಿಂದ ಹೊರಡಲಿಲ್ಲ. ಸಿಂಧನೂರು ಪೇಟೆಯಲ್ಲಿ ಎಲ್ಲರೂ ರೈಲಿನ ಮಾತಾಡಿದರೆ, ಕ್ಯಾಂಪಿನಲ್ಲಿ ಎಲ್ಲರೂ ಅರ್ಜಿಯ ಮಾತಾಡುತ್ತಿದ್ದರು. ಟ್ರಂಕು ತೆಗೆದು ಹಳೆಯ ಪುನರ್ವಸತಿ ಕಾಗದಗಳನ್ನು ಬಿಸಿಲಿಗೆ ಹರವಿದ್ದರು. ಕೆಲವಕ್ಕೆ ಗೆದ್ದಲು ಹತ್ತಿತ್ತು. ಆ ವರ್ಷವೇ ಕೆಲವರಿಗೆ ಪೌರತ್ವದ ಪ್ರಮಾಣಪತ್ರ ಬಂದವು. ಬಂಗಾಳದಲ್ಲಿ ತಮ್ಮ ಜಾತಿ ಪರಿಶಿಷ್ಟ, ಇಲ್ಲಿ ಅಲ್ಲ, ಅದೊಂದು ಆಗಲಿ ಎಂಬ ಹಳೆಯ ಬೇಡಿಕೆ ಮಾತ್ರ ಹಾಗೇ ಉಳಿಯಿತು.

ದಾದುವಿಗೆ ಆಗ ತೊಂಬತ್ತರ ಹತ್ತಿರ. ಕಣ್ಣು ಮಂಜಾಗಿತ್ತು. ಮೊಮ್ಮಗ ಬೈಕಿನ ಹಿಂದೆ ಕೂಡಿಸಿಕೊಂಡು ಸ್ಟೇಷನ್ನಿಗೆ ಕರೆತಂದಿದ್ದ, ಉದ್ಘಾಟನೆಯಾಗಿ ಒಂದು ವಾರದ ಮೇಲೆ, ಗದ್ದಲ ಇಳಿದಾಗ. ನಾನೂ ಹೋಗಿದ್ದೆ. ಗಾಡಿ ನಿಂತಿತ್ತು. ಹೊಸಪೇಟೆಯಲ್ಲಿ ಇಳಿದರೆ ವಾಸ್ಕೋದಿಂದ ಬರುವ ಅಮರಾವತಿ ಎಕ್ಸ್‌ಪ್ರೆಸ್ ಸಿಗುತ್ತದೆ, ಅದು ನೇರ ಹಾವಡಾಕ್ಕೆ ಹೋಗುತ್ತದೆ, ಬಸ್ಸಿನ ಗೊಡವೆಯೇ ಇಲ್ಲ ಎಂದು ನಾನು ಉತ್ಸಾಹದಿಂದ ಹೇಳಿದೆ. "ಗೊತ್ತದ" ಅಂದರು. ಅವರಿಗೆ ಗೊತ್ತಿರದೆ ಇರುತ್ತದೆಯೇ? "ಅಲ್ಲಿ ನನ್ನವರು ಯಾರೂ ಉಳಿದಿಲ್ಲ ಮಾಸ್ಟರ್ ಮೊಶಾಯ್. ನನ್ನೂರಿಗಿ ಅಂತೂ ಈ ಟಿಕೀಟು ನಡೆಯೂದಿಲ್ಲ."

ಸಾದಾ ಡಬ್ಬಿಯ ಬಾಗಿಲಲ್ಲಿ ನೂಕಾಟ ನಡೆದಿತ್ತು. ಮಸ್ಕಿ, ಲಿಂಗಸುಗೂರಿನ ಕಡೆಯ ಜನ, ಗುಳೆ ಹೊರಟವರು. ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೂಸು, ಕೈಯಲ್ಲಿ ರೊಟ್ಟಿಬುಟ್ಟಿ, ಸಲಿಕೆ. ಎಲ್ಲಿಗವ್ವಾ ಎಂದು ಒಬ್ಬಾಕೆಯನ್ನು ಕೇಳಿದೆ. "ಬೆಂಗಳೂರಿಗ್ರಿ. ಬಿಲ್ಡಿಂಗ್ ಕೆಲಸಕ್ಕ. ಬಸ್ಸಿಗಿಂತ ಸಸ್ತಾ ಅದರಿ ಇದು" ಅಂದಳು. ಅಕ್ಕಿ ಹೊರಗೆ ಹೋಗುತ್ತದೆ, ವ್ಯಾಪಾರ ಒಳಗೆ ಬರುತ್ತದೆ ಎಂದು ನಾವೆಲ್ಲ ಕಾದ ಗಾಡಿಯಲ್ಲಿ ಮೊದಲು ಜಾಗ ಹಿಡಿದವರು ಇವರು. ದಾದುವಿನ ಮೊಮ್ಮಗನೂ ಅದರಲ್ಲೇ ಹತ್ತುವವನಿದ್ದ, ಯಾವುದೋ ಕಂಪನಿಯಲ್ಲಿ ಕೆಲಸ ನೋಡಿದ್ದನಂತೆ.

ಗಾಡಿ ಹೊರಡುವ ಹೊತ್ತಿಗೆ ದಾದು ನನ್ನ ತೋಳು ಹಿಡಿದು, "ಇದು ತಿರುಗಿ ಬರೂದು ಎಷ್ಟಕ್ಕ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಪುಸ್ತಕದಲ್ಲಿ ನೋಡಿ ಹೇಳಿ ಅಂದೆ. ಟೈಂಟೇಬಲ್ ಈಗ ಪುಸ್ತಕವಾಗಿ ಸಿಗುವುದಿಲ್ಲ, ಎಲ್ಲ ಮೊಬೈಲಿನಲ್ಲಿ ಎಂದು ಮೊಮ್ಮಗ ಹೇಳಿದ, ಮತ್ತು ಫೋನು ತೆಗೆದು ಅಜ್ಜನ ಕಿವಿಯ ಹತ್ತಿರ ಬಗ್ಗಿ, ಒಂದೊಂದೇ ಸ್ಟೇಷನ್ನು ಓದಿ ಹೇಳತೊಡಗಿದ.