ಕವಳಾ ಗುಹೆಯ ಮಡಿ

ಧಾರವಾಡದವರಾದ ನಮಗೆ ಪಶ್ಚಿಮವೆಂದರೆ ಮಳೆ ಬರುವ ದಿಕ್ಕು. ಆ ದಿಕ್ಕಿನಲ್ಲಿ ಹಳಿಯಾಳವನ್ನು ದಾಟಿದರೆ ಬಯಲು ಮೆಲ್ಲಮೆಲ್ಲನೆ ಕಾಡಾಗುತ್ತದೆ. ಸುಮಾರು 60 ಕಿಲೋಮೀಟರಿಗೆ ದಾಂಡೇಲಿ, ಅದರಾಚೆ ಕಾಳೀ ನದಿಯ ಅರಣ್ಯ. ಆ ಅರಣ್ಯದ ಒಡಲಲ್ಲಿ ಕವಳಾ ಎಂಬ ಗುಹೆಯಿದೆ. ಒಳಗೆ ತಾನಾಗಿ ಮೂಡಿದ ಕಲ್ಲೊಂದನ್ನು ಜನ ಕವಳೇಶ್ವರನೆಂದು ಪೂಜಿಸುತ್ತಾರೆ; ಮಹಾಶಿವರಾತ್ರಿಯಂದು ಅಲ್ಲಿ ಜಾತ್ರೆ. ಸೇವೆಯಿಂದ ನಿವೃತ್ತನಾದ ಮೇಲೆ, ಹಳೆಯ ಶಿಷ್ಯರಿಬ್ಬರ ಒತ್ತಾಯಕ್ಕೆ ಮಣಿದು, ನಾನೂ ಒಮ್ಮೆ ಅಲ್ಲಿಗೆ ಹೋಗಿಬಂದೆ. ಕೇಳುಗ ಮಿತ್ರರಲ್ಲಿ ಆ ಸಂಗತಿಯನ್ನು ಹಂಚಿಕೊಳ್ಳಬೇಕೆಂಬುದು ಇಂದಿನ ನನ್ನ ಉದ್ದೇಶ.

ಗುಹೆಗೆ ಹೋಗುವ ಮೊದಲು ಕಾಡಿನ ಚರಿತ್ರೆಯನ್ನು ಸ್ವಲ್ಪ ನೋಡಬೇಕು. ಈ ಕಾಡನ್ನು ಕಂಡವರೆಲ್ಲ ಮೊದಲು ಕೇಳಿದ್ದು ಒಂದೇ ಪ್ರಶ್ನೆ: ಇದರಿಂದ ನಮಗೇನು ದಕ್ಕೀತು? ಬ್ರಿಟಿಷರ ಕಣ್ಣು ಇಲ್ಲಿಯ ಸಾಗುವಾನಿಯ ಮೇಲೆ ಬಿದ್ದಿತು. 1847ರಲ್ಲಿ ಮುಂಬಯಿ ಪ್ರಾಂತಕ್ಕೆ ಅರಣ್ಯ ಸಂರಕ್ಷಣಾಧಿಕಾರಿಯಾಗಿ ಅಲೆಕ್ಸಾಂಡರ್ ಗಿಬ್ಸನ್ ನೇಮಕಗೊಂಡ. 1862ರಲ್ಲಿ ಉತ್ತರ ಕನ್ನಡವು ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1878ರ ಅರಣ್ಯ ಕಾಯಿದೆ ಬಂದ ಮೇಲೆ ಕಾಡಿಗೆ ಬೇಲಿಯಿಲ್ಲದಿದ್ದರೂ ಗಡಿಗಳು ಬಿಗಿಯಾದವು. ಕುಮರಿ ಬೇಸಾಯ ಮಾಡಿಕೊಂಡಿದ್ದ ಕುಣಬಿಗಳು ತಾವು ತಲೆಮಾರುಗಳಿಂದ ನಡೆದಾಡಿದ ಕಾಲುದಾರಿಗಳಲ್ಲಿಯೇ ಅಪ್ಪಣೆ ಕೇಳಬೇಕಾಯಿತು.

ಸ್ವಾತಂತ್ರ್ಯಾನಂತರವೂ ಆ ಪ್ರಶ್ನೆ ಬದಲಾಗಲಿಲ್ಲ. 1955ರಲ್ಲಿ ಸ್ಥಾಪಿತವಾದ ದಾಂಡೇಲಿಯ ಕಾಗದದ ಕಾರ್ಖಾನೆಗೆ ಕಾಡಿನ ಬಿದಿರು ಬೇಕಾಯಿತು. ನಾನು ಎಂ.ಎ. ಓದುವಾಗ ಟಿಪ್ಪಣಿ ಬರೆದುಕೊಂಡ ಹಾಳೆಗಳಲ್ಲಿ ಆ ಬಿದಿರಿನ ಪಾಲು ಇದ್ದರೂ ಇದ್ದೀತು. ಆದುದರಿಂದ ಈ ವಿಷಯದಲ್ಲಿ ನಾನು ಬರಿಯ ಸಾಕ್ಷಿಯಲ್ಲ, ಸಾಲಗಾರನೂ ಹೌದು. ಬಳಿಕ ವಿದ್ಯುತ್ತಿಗಾಗಿ ಕಾಳಿಗೆ ಸೂಪಾದಲ್ಲಿ 101 ಮೀಟರು ಎತ್ತರದ ಅಣೆಕಟ್ಟು ಎದ್ದಿತು. ಪಾಂಡರಿ ಹೊಳೆ ಕಾಳಿಯನ್ನು ಕೂಡುವಲ್ಲಿದ್ದ ಹಳೆಯ ಸೂಪಾ ಊರು ನೀರಿನಡಿಗೆ ಸೇರಿತು. ಮುಳುಗಿದ ಮನೆಗಳ ಅನೇಕರಿಗೆ ರಾಮನಗರವೇ ಊರಾಯಿತು. ನಮ್ಮ ಮನೆಯ ದೀಪ ಹೊತ್ತುವುದು ಒಮ್ಮೊಮ್ಮೆ ಮತ್ತೊಬ್ಬರ ಅಂಗಳವನ್ನು ಮುಳುಗಿಸಿಯೇ ಎಂಬುದನ್ನು ಮರೆಯಬಾರದು.

ರಕ್ಷಣೆಯ ಯತ್ನವೂ ಜೊತೆಜೊತೆಗೆ ನಡೆದಿದೆ. 1956ರ ಮೇ ತಿಂಗಳಲ್ಲಿ, ಅಂದರೆ ಏಕೀಕರಣಕ್ಕೆ ಕೆಲವೇ ತಿಂಗಳು ಮುಂಚೆ, ದಾಂಡೇಲಿ ವನ್ಯಜೀವಿಧಾಮ ಘೋಷಣೆಯಾಯಿತು. 2007ರಲ್ಲಿ ದಾಂಡೇಲಿ ಮತ್ತು ಅಣಶಿಯ ಕಾಡುಗಳು ಕೂಡಿ ಹುಲಿ ಸಂರಕ್ಷಿತ ಪ್ರದೇಶವಾದವು. 2015ರಲ್ಲಿ ಅದಕ್ಕೆ ನದಿಯ ಹೆಸರೇ ಬಂದಿತು. ಈ ಲೇವಾದೇವಿಯಲ್ಲೆಲ್ಲ ಲೆಕ್ಕಕ್ಕೆ ಬಾರದೆ ಉಳಿದುದು ಕವಳಾ ಗುಹೆ. ಅದು ತೊಲೆ ಕೊಡಲಿಲ್ಲ, ಬಿದಿರು ಕೊಡಲಿಲ್ಲ, ವಿದ್ಯುತ್ತು ಕೊಡಲಿಲ್ಲ. ಆದುದರಿಂದಲೇ ಉಳಿಯಿತೆಂದು ತೋರುತ್ತದೆ.

ಅರಣ್ಯ ಇಲಾಖೆಯ ಅನುಮತಿ ಪಡೆದು ನಾವು ಹೋದೆವು. ಜೀಪಿನಲ್ಲಿ ನಮ್ಮೊಡನೆ ಹಳಿಯಾಳದ ಕಡೆಯ ಒಬ್ಬ ಅಜ್ಜಿಯೂ ಆಕೆಯ ಮೊಮ್ಮಗನೂ ಇದ್ದರು. ಕಾಲುದಾರಿ ಮುಗಿದಲ್ಲಿ ಮೆಟ್ಟಿಲುಗಳು ಇಳಿಯತೊಡಗಿದವು. ಕೊನೆಗೆ ತಲೆ ಬಾಗಿಸಿ, ಮೈಯನ್ನು ಕುಗ್ಗಿಸಿ, ತೆವಳಿಯೇ ಒಳಸೇರಬೇಕು. ಬಾವಲಿಗಳ ವಾಸನೆ, ತಣ್ಣನೆಯ ಕತ್ತಲೆ. ಟಾರ್ಚಿನ ಬೆಳಕಿನಲ್ಲಿ ಲಿಂಗ ಕಂಡಿತು. ನೀರಿನ ಹನಿ ಬೀಳುವ ಸದ್ದೊಂದೇ ಅಲ್ಲಿಯ ಮಂತ್ರ.

ಅಜ್ಜಿ ಕೈ ಚಾಚಿದಳು. ಕಾವಲುಗಾರ ಮೆಲ್ಲನೆ, “ಮುಟ್ಟಬ್ಯಾಡ್ರಿ ಆಯಿ” ಎಂದ. ಆಕೆ ಒಂದು ಕ್ಷಣ ಯೋಚಿಸಿ, “ದೇವರು ಮಡ್ಯಾಗ ಅದಾನೇನಪಾ? ಹಂಗಿದ್ರ ದೂರಿಂದನ ಕೈ ಮುಗೀತೇನಿ” ಎಂದು ಚಾಚಿದ ಕೈಯನ್ನೇ ಜೋಡಿಸಿದಳು.

ಭೂವಿಜ್ಞಾನವು ಎರಡು ಪುಟಗಳಲ್ಲಿ ಹೇಳುವುದನ್ನು ಆಕೆ ಒಂದು ಮಾತಿನಲ್ಲಿ ಹೇಳಿದ್ದಳು. ಮಳೆಯ ನೀರು ಕಾಡಿನ ನೆಲದಲ್ಲಿ ಇಂಗುವಾಗ, ಕೊಳೆತ ತರಗೆಲೆ ಮತ್ತು ಬೇರುಗಳು ಬಿಟ್ಟ ಇಂಗಾಲಾಮ್ಲವನ್ನು ಹೀರಿಕೊಂಡು ತುಸು ಹುಳಿಯಾಗುತ್ತದೆ. ಆ ಹುಳಿ ಸುಣ್ಣಕಲ್ಲನ್ನು ಕರಗಿಸುತ್ತದೆ. ಗುಹೆಯ ಮಾಳಿಗೆಯಿಂದ ಹನಿ ತೊಟ್ಟಿಕ್ಕಿದಾಗ ಆ ಅನಿಲ ಹೊರಗೆ ಹೋಗಿ, ಸುಣ್ಣದ ಲವಮಾತ್ರ ಕೆಳಗೆ ಉಳಿಯುತ್ತದೆ. ಇಂಥ ಕಲ್ಲು ಒಂದು ಅಂಗುಲ ಬೆಳೆಯಲು ಎಷ್ಟೋ ಸಲ ನೂರಾರು ವರ್ಷ ಹಿಡಿಯುತ್ತದೆ. ನಮ್ಮ ಅಂಗೈಯ ಜಿಡ್ಡು ಮೆತ್ತಿದಲ್ಲಿ ಹೊಸ ಪದರ ಸರಿಯಾಗಿ ಕೂರುವುದಿಲ್ಲ. ದೀಪದ ಕಾಡಿಗೆ ಕಲ್ಲನ್ನು ಕಪ್ಪಾಗಿಸುತ್ತದೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಮೇಲಿನ ಕಾಡು ಹೋದರೆ ಕೆಳಗಿನ ಹನಿಯ ಗುಣವೇ ಕೆಡುತ್ತದೆ. ಈ ದೇವರಿಗೆ ಅಭಿಷೇಕ ಮಾಡುವ ಪೂಜಾರಿ ಮೇಲಿನ ತರಗೆಲೆಯೇ.

ಜಾತ್ರೆ ನಿಲ್ಲಬೇಕೆಂದು ನಾನು ಹೇಳುತ್ತಿಲ್ಲ. ಅನುಮತಿ ಪತ್ರಗಳು ಹುಟ್ಟುವ ಮೊದಲೇ ಭಕ್ತಿ ಆ ದಾರಿಯನ್ನು ತುಳಿದಿತ್ತು. ಕಾಡಿನ ಜನರನ್ನು ದೂರವಿಟ್ಟು ಪೇಟೆಯ ಪ್ರವಾಸಿಗೆ ಮಾತ್ರ ಬಾಗಿಲು ತೆರೆದರೆ ಅದು ರಕ್ಷಣೆಯೂ ಆಗದು, ನ್ಯಾಯವೂ ಆಗದು. ಆದರೆ ಮಡಿಯೆಂಬ ನಮ್ಮ ಹಳೆಯ ಮಾತಿಗೆ ಇಲ್ಲೊಂದು ಹೊಸ ಅರ್ಥವಿದೆ. ಮನುಷ್ಯ ಮನುಷ್ಯನನ್ನು ದೂರವಿಡಲು ಆ ಮಾತನ್ನು ಬಹಳ ಕಾಲ ಬಳಸಿ ತಪ್ಪು ಮಾಡಿದ್ದೇವೆ. ಇನ್ನು ನಮ್ಮ ಆಸೆಯ ಕೈಯನ್ನು ನಾವೇ ಹಿಂತೆಗೆದುಕೊಳ್ಳಲು ಅದನ್ನು ಬಳಸಬಹುದಲ್ಲವೆ?

ಹೊರಗೆ ಬರುವಾಗ ಅಜ್ಜಿಯನ್ನು ಮೊಮ್ಮಗ ಕೈಹಿಡಿದು ಹತ್ತಿಸುತ್ತಿದ್ದ. ಹಿಂದೆ ಕತ್ತಲೆಯಲ್ಲಿ ಹನಿ ಬೀಳುತ್ತಲೇ ಇತ್ತು. ಆ ಹುಡುಗನ ಮೊಮ್ಮಕ್ಕಳ ಕಾಲಕ್ಕೂ ಅದು ಅಲ್ಲಿ ಬೀಳುತ್ತಿರಬೇಕಾದರೆ, ನಾವು ಕಾಯಬೇಕಾದುದು ಗುಹೆಯನ್ನಷ್ಟೇ ಅಲ್ಲ, ಅದರ ಮೇಲಿನ ಮರಗಳನ್ನೂ.